ಬಿಚ್ಚಿ ನೋಡದ ಕಟ್ಟು

— ತಮ್ಮಾ, ಬಲಿಪಾಡ್ಯಮಿ ಬಂತಂದ್ರ ನಮ್ಮ ಹಾವೇರಿ ಸೀಮ್ಯಾಗ ಹೋರಿ ಹಬ್ಬ ಶುರು. ಇವತ್ತ ಬ್ಯಾಡಗಿ ಕಡೆ, ನಾಳೆ ರಾಣೆಬೆನ್ನೂರ ಕಡೆ, ಹಿಂಗ ತಿಂಗಳಾನುಗಟ್ಟಲೆ ಊರೂರು ತಿರಗತೈತಿ. ಅಖಾಡದಾಗ ಹೋರಿ ಬಿಟ್ರ ಸಾಕು, ಅದರ ಮೈಮ್ಯಾಲಿನ ಕೊಬ್ಬರಿ ಹರಿಯಾಕ ಹುಡುಗ್ರು ಮುಗಿಬೀಳ್ತಾರ. ಒಬ್ಬನ ಕಾಲು ಉಳಕತೈತಿ, ಇನ್ನೊಬ್ಬನ ಮುಂಗೈ ಬಾತುಕೊಳ್ತೈತಿ. ಹೆಗಲ ಮ್ಯಾಲಿನ ವಲ್ಲಿ ತಗದು ಬಿಗದು ಕಟ್ಟಿ ಮನಿಗೆ ಕಳಸ್ತೀವಿ. ಹಿರ್ಯಾರ ಕಾಲದಿಂದ ಹಿಂಗ ನಡದೈತಿ. ಈಗ ನೀನು ಕಟ್ಟೋದ ತಪ್ಪು ಅಂತೀಯಲ್ಲ, ಯಾವ ಲೆಕ್ಕ ಇದು?

— ಕಟ್ಟುವುದು ತಪ್ಪೆಂದು ನಾನು ಹೇಳಿಲ್ಲ, ಕಾಕಾ. ಕಟ್ಟಿ ಕೈತೊಳೆದುಕೊಳ್ಳುವುದು ತಪ್ಪು ಎನ್ನುತ್ತಿದ್ದೇನೆ. ನಮ್ಮ ಕಡೆ ಕಟ್ಟಲು ಬಾರದವರು ಯಾರೂ ಇಲ್ಲ; ಕಟ್ಟಿದ ಮೇಲೆ ಯಾವಾಗ ಬಿಚ್ಚಿ ನೋಡಬೇಕು, ಏನು ನೋಡಬೇಕು ಎಂಬುದನ್ನು ಬಲ್ಲವರು ಕಡಿಮೆ. ಪಟ್ಟಿ ಮಾಡುವ ಕೆಲಸವನ್ನೇ ನೋಡಿ. ಪೆಟ್ಟಾದ ಜಾಗ ಅಲುಗದಂತೆ ಹಿಡಿಯುತ್ತದೆ, ಬಾವು ಹೆಚ್ಚದಂತೆ ಸ್ವಲ್ಪ ತಡೆಯುತ್ತದೆ, ಅಂಗಕ್ಕೆ ನೋವಾಗಿದೆ ಎಂಬುದನ್ನು ಗಾಯಾಳುವಿಗೂ ಸುತ್ತಲಿನವರಿಗೂ ನೆನಪಿಸುತ್ತದೆ. ಎಲುಬನ್ನು ಕೂಡಿಸುವುದು ಎಲುಬೇ, ಹರಿದ ತಂತುವನ್ನು ಬೆಸೆಯುವುದು ರಕ್ತವೇ. ಅಂದ ಮೇಲೆ ಆ ರಕ್ತದ ದಾರಿಗೆ ಅಡ್ಡ ಬಂದ ಪಟ್ಟಿ ತನ್ನ ಕೆಲಸಕ್ಕೇ ಎರವಾಯಿತು. ಪೆಟ್ಟು ಬಿದ್ದ ಕ್ಷಣಕ್ಕೆ ಬಾವು ಮುಗಿಯುವುದಿಲ್ಲ, ಒಂದೆರಡು ದಿನ ಏರುತ್ತಲೇ ಇರುತ್ತದೆ. ನಿಮ್ಮ ವಲ್ಲಿಯೋ ಹತ್ತಿಯದು, ಹಿಗ್ಗುವುದಿಲ್ಲ. ಒಳಗೆ ಕಾಲು ದಪ್ಪವಾಗುತ್ತಾ ಹೋಗುತ್ತದೆ, ಹೊರಗೆ ಅರಿವೆ ಇದ್ದಷ್ಟೇ ಇರುತ್ತದೆ. ಮೊದಲು ಮುಚ್ಚುವುದು ರಕ್ತವನ್ನು ಮೇಲಕ್ಕೆ ಒಯ್ಯುವ ತೆಳು ಗೋಡೆಯ ನಾಳಗಳು. ಹೋಗಬೇಕಾದ ರಕ್ತ ಹೋಗದೆ ಬಾವು ಮತ್ತಷ್ಟು ಏರುತ್ತದೆ, ಕೊನೆಗೆ ಸ್ನಾಯುವಿನ ಒಳಕ್ಕೆ ಹೊಸ ರಕ್ತ ಬರುವುದೂ ನಿಲ್ಲುತ್ತದೆ. ಸಂಜೆ 4 ಗಂಟೆಗೆ ಸರಿಯಾಗಿ ಕಟ್ಟಿದ್ದ ಪಟ್ಟಿಯೇ ರಾತ್ರಿ 10ಕ್ಕೆ ಅಪಾಯದ್ದಾಗಿರಬಹುದು. ಕಟ್ಟಿದವರ ಕೈ ತಪ್ಪು ಮಾಡಿರಬೇಕೆಂದೇನೂ ಇಲ್ಲ.

— ಹಂಗಂತ ಸಡ್ಲ ಕಟ್ಟಿದ್ರ ಏನ್ ಬಂತು ಭಾಗ್ಯ? ಬಿಗಿ ಇದ್ರನ ಬಲ. ಸಡ್ಲ ಪಟ್ಟಿ ನಾಕ ಹೆಜ್ಜಿಗೆ ಜಾರಿ ಹಿಂಬಡಕ್ಕ ಬರತೈತಿ. ಇದು ಇಂಗ್ಲಿಷ್ ವೈದ್ಯರ ಹೊಸ ಮಾತು ಇರಬೇಕು. ನಮ್ಮ ಹಳೇ ವೈದ್ಯದಾಗ ಬಿಗಿಯೋದನ್ನ ಯಾರೂ ಬ್ಯಾಡ ಅಂದಿಲ್ಲ.

— ಹಳೆಯ ವೈದ್ಯವನ್ನೇ ಸಾಕ್ಷಿಗೆ ಕರೆಯೋಣ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 18ನೇ ಅಧ್ಯಾಯ ಪೂರ್ತಿ ಲೇಪ ಮತ್ತು ಕಟ್ಟಿನದೇ. 14 ಬಗೆಯ ಕಟ್ಟುಗಳನ್ನು ಅಲ್ಲಿ ಹೆಸರಿಟ್ಟು ಹೇಳಿದೆ: ಸ್ವಸ್ತಿಕ, ಮಂಡಲ, ಗೋಫಣ, ಪಂಚಾಂಗಿ, ಹೀಗೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬಿಗಿತದ ವಿಂಗಡಣೆ. ಗಾಢ, ಸಮ, ಶಿಥಿಲ ಎಂದು ಮೂರು ದರ್ಜೆ ಮಾಡಿ ಯಾವ ಅಂಗಕ್ಕೆ ಯಾವುದು ಎಂದು ಗೊತ್ತುಪಡಿಸಿದ್ದಾರೆ. ತೊಡೆ, ತೊಡೆಸಂದಿ, ತಲೆಗೆ ಗಾಢ, ಕೈಕಾಲುಗಳಿಗೆ ಸಮ, ಕಣ್ಣಿಗೆ ಮತ್ತು ಕೀಲುಗಳಿಗೆ ಶಿಥಿಲ. ಗಾಢ ಎಂದರೂ ನೋವಾಗದಷ್ಟು ಒತ್ತು ಎಂದೇ ಅರ್ಥ. ನಾವು ಹಲ್ಲುಕಚ್ಚಿ ಬಿಗಿಯುವುದು ಎಲ್ಲಿ? ಪಾದದ ಗಿಣ್ಣಿಗೆ, ಮಣಿಕಟ್ಟಿಗೆ, ಮೊಣಕಾಲಿಗೆ. ಮೂರೂ ಕೀಲುಗಳೇ! ಮುರಿದ ಎಲುಬಿನ ವಿಷಯ ಬರುವುದು ಚಿಕಿತ್ಸಾಸ್ಥಾನದಲ್ಲಿ. ಕಟ್ಟು ಸಡಿಲಾದರೆ ಎಲುಬು ನೆಲೆ ನಿಲ್ಲದು, ಅತಿ ಬಿಗಿಯಾದರೆ ಬಾವು, ನೋವು, ಚರ್ಮ ಕೊಳೆಯುವುದು ಎಂದು ಎರಡು ಕಡೆಯ ಕೇಡನ್ನೂ ಅಲ್ಲಿ ಎದುರುಬದುರು ಇಟ್ಟಿದ್ದಾರೆ. ಆಮೇಲೆ ಬರುವ ಮಾತು ನಮ್ಮ ಚರ್ಚೆಗೆ ನೇರ ಸಲ್ಲುತ್ತದೆ. ತಂಪು ಕಾಲದಲ್ಲಿ 7 ದಿನಕ್ಕೊಮ್ಮೆ, ಹದವಾದ ಕಾಲದಲ್ಲಿ 5 ದಿನಕ್ಕೊಮ್ಮೆ, ಸುಡುಬಿಸಿಲಲ್ಲಿ 3 ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕು. ರಾಣೆಬೆನ್ನೂರಿನ ಏಪ್ರಿಲ್ ಬಿಸಿಲಿಗೆ ಎಷ್ಟು ದಿನ ಎಂದು ನೀವೇ ಲೆಕ್ಕ ಹಾಕಿ. 15 ದಿನ ಮುಟ್ಟಬಾರದು ಎನ್ನುವವರು ಪರಂಪರೆಯ ಹೆಸರು ಹೇಳುತ್ತಾರೆ, ಆದರೆ ಈ ಗ್ರಂಥದಲ್ಲಿ ಅವರಿಗೆ ಬೆಂಬಲ ಸಿಗುವುದಿಲ್ಲ.

ಇನ್ನು ಇಂಗ್ಲಿಷ್ ವೈದ್ಯ ಎಂದಿರಿ. ಬಿಗಿ ಕಟ್ಟಿನ ಕೇಡನ್ನು ಅಲ್ಲಿ ಖಚಿತವಾಗಿ ಬರೆದವನು ಒಬ್ಬ ಜರ್ಮನ್ ಶಸ್ತ್ರವೈದ್ಯ, ರಿಚರ್ಡ್ ಫಾನ್ ಫೋಲ್ಕ್‌ಮನ್, 1881ರಲ್ಲಿ. ಮೊಣಕೈ ಹತ್ತಿರ ಮುರಿದು ಪಟ್ಟಿ ಕಟ್ಟಿಸಿಕೊಂಡವರ ಬೆರಳುಗಳು ಹಕ್ಕಿಯ ಉಗುರಿನಂತೆ ಒಳಕ್ಕೆ ಮಡಚಿಕೊಂಡು ಮತ್ತೆ ಬಿಡಿಸಲಾಗದೆ ಉಳಿಯುವುದನ್ನು ಆತ ವಿವರಿಸಿದ. ನರಕ್ಕೆ ಪೆಟ್ಟಾಗಿದ್ದರಿಂದ ಹೀಗಾಯಿತು ಎಂದು ಜನ ತಿಳಿದಿದ್ದರು. ಬಿಗಿ ಕಟ್ಟಿನಿಂದ ರಕ್ತ ಸಿಗದೆ ಸ್ನಾಯು ಸತ್ತು ಗಟ್ಟಿಯಾಗಿದೆ ಎಂದು ಆತ ವಾದಿಸಿದ. ಆ ಸ್ಥಿತಿಗೆ ಇಂದಿಗೂ ಅವನದೇ ಹೆಸರು. ರಕ್ತವಿಲ್ಲದೆ ಸ್ನಾಯು ತಡೆಯುವುದು ಸುಮಾರು 6 ಗಂಟೆ, ಆಮೇಲೆ ಹೋದದ್ದು ಬಹುಪಾಲು ಹೋಯಿತೇ. ಇಲ್ಲೊಂದು ಮೋಸವೂ ಉಂಟು, ಕಾಕಾ. ಮಣಿಕಟ್ಟಿನ ನಾಡಿ ಹಿಡಿದು ನೋಡಿ, ಬಡಿಯುತ್ತಿದೆ, ಚಿಂತೆಯಿಲ್ಲ ಎನ್ನುತ್ತಾರೆ. ಒಳಗೆ ಸ್ನಾಯು ಸಾಯುತ್ತಿರುವಾಗಲೂ ನಾಡಿ ಬಡಿಯುತ್ತಿರಬಹುದು. ಅದು ನಿಲ್ಲುವುದು ತೀರ ಕೊನೆಗೆ. ಮೊದಲು ಮಾತಾಡುವುದು ನೋವು. ಪೆಟ್ಟಿನ ಗಾತ್ರಕ್ಕೆ ಹೊಂದದ, ಮಾತ್ರೆಗೆ ಜಗ್ಗದ, ಗಂಟೆಗಂಟೆಗೂ ಏರುವ ನೋವು. ಬೆರಳನ್ನು ಬೇರೆಯವರು ಮೆಲ್ಲಗೆ ಹಿಂದಕ್ಕೆ ಬಾಗಿಸಿದರೆ ಜೀವ ಹೋದಂತೆ ಕೂಗುವ ನೋವು. ಅದರ ಹಿಂದೆಯೇ ಜುಮ್ಮು ಹಿಡಿಯುತ್ತದೆ. ಉಗುರನ್ನು ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಕೆಂಪು ಮರಳಬೇಕು. ತಡವಾದರೆ ಅದೂ ಕೆಟ್ಟ ಗುರುತು, ಸರಿಯಾಗಿ ಮರಳಿತೆಂದು ನೋವನ್ನು ಅಲಕ್ಷಿಸುವಂತೆಯೂ ಇಲ್ಲ. ನಮ್ಮ ಮನೆಗಳಲ್ಲಿ ಹುಡುಗ ರಾತ್ರಿ ಅತ್ತರೆ, ಕಟ್ಟಿದ್ದಾರಲ್ಲ, ನೋವು ಇರೋದೇ, ಬೆಳಗಾದರೆ ಇಳಿಯುತ್ತದೆ ಎಂದು ಸಮಾಧಾನ ಹೇಳುತ್ತಾರೆ. ಆ ಸಮಾಧಾನದ ಬದಲು ಕತ್ತರಿ ಬೇಕಿತ್ತು.

— ಆತು, ಬಿಗಿ ಮಾತು ಒಪ್ಪಿದೆ. ಆದರ ನಮ್ಮ ಎಲುವು ಕಟ್ಟೋರನ್ನ ಹಗುರ ಮಾಡಬ್ಯಾಡ. ಬಿದಿರ ದಬ್ಬಿ ಇಟ್ಟು, ಉದ್ದಿನ ಹಿಟ್ಟು ತತ್ತಿ ಬಿಳಿ ಕಲಸಿ ಮೆತ್ತಿ, ಎಷ್ಟ ಮಂದಿ ಕೈಕಾಲು ಕೂಡಿಸ್ಯಾರ. ದೊಡ್ಡ ದವಾಖಾನ್ಯಾಗ ರಾಡ್ ಹಾಕ್ತೀವಿ ಅಂದೋರು ಇಲ್ಲಿ ಬಂದು ನಡಕೊಂಡು ಹೋಗ್ಯಾರ. ಮತ್ತ ದವಾಖಾನಿ ಪ್ಲಾಸ್ಟರ್ ಏನು ದಿನಾ ಬಿಚ್ಚತಾರೇನು? ಅದಕ್ಕೊಂದು ನ್ಯಾಯ, ಇದಕ್ಕೊಂದು ನ್ಯಾಯನ?

— ಹಗುರ ಮಾಡುವ ಮಾತೇ ಇಲ್ಲ. ಆಧುನಿಕ ಎಲುಬು ವೈದ್ಯದ ಬೇರೇ ಎಲುಬು ಕಟ್ಟುವವರ ಮನೆಯಲ್ಲಿದೆ. ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸ್ ತಲೆತಲಾಂತರದಿಂದ ಎಲುಬು ಕಟ್ಟುತ್ತಿದ್ದ ವೆಲ್ಷ್ ಮನೆತನದವರು. ತಂದೆ ಇವಾನ್ ಥಾಮಸ್ ಪದವಿಯಿಲ್ಲದ ವೈದ್ಯ, ಮಗ ವೈದ್ಯಕೀಯ ಓದಿದ. ಮಗ ರೂಪಿಸಿದ ತೊಡೆಯೆಲುಬಿನ ದಬ್ಬೆಯನ್ನು ಮೊದಲ ಮಹಾಯುದ್ಧದಲ್ಲಿ ಅವರ ಬಂಧು ರಾಬರ್ಟ್ ಜೋನ್ಸ್ ಬಳಕೆಗೆ ತಂದರು; ಅದು ಅಸಂಖ್ಯ ಸೈನಿಕರ ಜೀವ ಉಳಿಸಿತು. ಸುಶ್ರುತನೂ ದಬ್ಬೆಗೆ ಅತ್ತಿ, ಅರಳಿ, ಮುತ್ತುಗದ ತೊಗಟೆ, ಬಿದಿರು ಎಂದು ಹೇಳಿದ್ದಾನೆ. ಹಿಟ್ಟು, ತತ್ತಿಯ ಬಿಳಿ ಒಣಗಿ ಗಟ್ಟಿಯಾಗುವುದೂ, ಡಚ್ ಸೇನಾವೈದ್ಯ ಮಥೈಸೆನ್ 1852ರಲ್ಲಿ ಪ್ರಕಟಿಸಿದ ಪ್ಲಾಸ್ಟರ್ ಪಟ್ಟಿ ಗಟ್ಟಿಯಾಗುವುದೂ ಒಂದೇ ಉಪಾಯ. ಹಾಗಾಗಿ ಪದವಿ ಯಾರದು ಎಂಬ ಜಗಳ ನನಗೆ ಬೇಡ. ನಡೆದುಕೊಂಡು ಹೋದವರ ಲೆಕ್ಕದ ಬಗ್ಗೆ ಮಾತ್ರ ತಕರಾರಿದೆ. ಜಾಗ ತಪ್ಪದೆ ಬಿರುಕು ಬಿಟ್ಟ ಎಲುಬು, ಅದರಲ್ಲೂ ಮಕ್ಕಳದು, ಅಲುಗದಂತೆ ಇಟ್ಟರೆ ಯಾರು ಕಟ್ಟಿದರೂ ಕೂಡುತ್ತದೆ. ಆ ಯಶಸ್ಸು ಕಟ್ಟಿದವರ ಖಾತೆಗೆ ಜಮಾ ಆಗುತ್ತದೆ. ಕೈ ಕಪ್ಪಾದವನು ಮತ್ತೆ ಅದೇ ಮನೆಗೆ ಬರುವುದಿಲ್ಲ, ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೋ ದಾವಣಗೆರೆಗೋ ಹೋಗುತ್ತಾನೆ. ಅವನು ಏನಾದ ಎಂಬುದು ಕಟ್ಟಿದವರಿಗೆ ತಿಳಿಯುವುದೇ ಇಲ್ಲ. ಗುಣವಾದವರು ಮಾತ್ರ ಎಲೆ ಅಡಿಕೆ ಕಾಯಿ ಹಿಡಿದು ಬರುವ ಅಂಗಳದಲ್ಲಿ ನಿಂತು ಸೋತವರನ್ನು ಎಣಿಸುವುದು ಹೇಗೆ?

ಪ್ಲಾಸ್ಟರ್ ಪ್ರಶ್ನೆ ನ್ಯಾಯವಾದದ್ದು. ಹೊಸ ಪೆಟ್ಟಿಗೆ ಆಸ್ಪತ್ರೆಯಲ್ಲೂ ಸಾಮಾನ್ಯವಾಗಿ ಮೊದಲ ದಿನವೇ ಪೂರ್ತಿ ಸುತ್ತಿದ ಪ್ಲಾಸ್ಟರ್ ಹಾಕುವುದಿಲ್ಲ. ಒಂದು ಮಗ್ಗುಲಿಗೆ ಸ್ಲ್ಯಾಬ್ ಇಟ್ಟು ಮೇಲೆ ಪಟ್ಟಿ ಸುತ್ತುತ್ತಾರೆ. ಬಾವು ಏರಲು ಇನ್ನೊಂದು ಮಗ್ಗುಲು ತೆರೆದಿರಲಿ ಎಂದು. ಕೈ ಎತ್ತರದಲ್ಲಿಡಿ, ಬೆರಳು ಆಡಿಸುತ್ತಿರಿ, ನೋವು ಏರಿದರೆ ರಾತ್ರಿಯಾದರೂ ಬನ್ನಿ ಎಂದು ಹೇಳಿ ಕಳಿಸಬೇಕು. ಬಾವು ಇಳಿದ ಮೇಲೆ ಪೂರ್ತಿ ಪ್ಲಾಸ್ಟರ್. ಈ ಮಾತು ಹೇಳದೆ ಚೀಟಿ ಕೊಟ್ಟು ಕಳಿಸುವ ಆಸ್ಪತ್ರೆಯಿದ್ದರೆ, 15 ದಿನ ಮುಟ್ಟಬೇಡ ಎನ್ನುವ ನಾಟಿ ವೈದ್ಯರಿಗೂ ಅದಕ್ಕೂ ಫರಕಿಲ್ಲ. ಮರುದಿನ ಬೆಳಿಗ್ಗೆ ಕರೆಸಿ ಬೆರಳು ಮುಟ್ಟಿ ನೋಡಿ ಕಟ್ಟು ಸಡಿಲಿಸುವ ನಾಟಿ ವೈದ್ಯರಿದ್ದರೆ ಅವರ ಬಗ್ಗೆ ನನಗೆ ಗೌರವವೇ. ಆದರೂ ಎಲುಬು ಚರ್ಮ ಸೀಳಿ ಹೊರಬಂದದ್ದು, ಮಕ್ಕಳ ಮೊಣಕೈ ಮುರಿದದ್ದು, ತೊಡೆಯೆಲುಬು, ಇವು ಮೂರನ್ನಂತೂ ಯಾವ ಅಂಗಳದಲ್ಲೂ ಕಟ್ಟಬಾರದು. ನೇರ ಆಸ್ಪತ್ರೆಗೆ.

— ಇಷ್ಟೆಲ್ಲಾ ತಾಪತ್ರಯ ಯಾಕ? ಔಷಧ ಅಂಗಡ್ಯಾಗ ಕ್ರೇಪ್ ಬ್ಯಾಂಡೇಜ್ ಸಿಗತೈತಿ, ರಬ್ಬರಿನಂಗ ಹಿಗ್ಗತೈತಿ. ಅದನ್ನ ಸುತ್ತಿದ್ರ ಆತಲ್ಲ.

— ಆಗುತ್ತದೆ, ಸುತ್ತಲು ಬಂದರೆ. ಹಿಗ್ಗುವ ಪಟ್ಟಿಯನ್ನು ಪೂರ್ತಿ ಎಳೆದು ಸುತ್ತಿದಿರೋ, ಅದೂ ನಿಮ್ಮ ವಲ್ಲಿಯೇ. ಅದರ ಹಿಗ್ಗುವ ಗುಣವನ್ನು ಕಟ್ಟುವಾಗಲೇ ಖರ್ಚು ಮಾಡಿದಂತಾಯಿತು, ಬಾವಿಗೆ ಏನೂ ಉಳಿಯಲಿಲ್ಲ. ಪಾದದ ಗಿಣ್ಣಿಗೆ 8 ಅಥವಾ 10 ಸೆಂಟಿಮೀಟರ್ ಅಗಲದ ಸುರುಳಿ ಸಾಕು. ಪಾದ ಕಾಲಿಗೆ ಮೂಲೆಮಟ್ಟವಾಗಿ ನಿಂತಿರಬೇಕು, ಇಳಿಬಿಟ್ಟು ಕಟ್ಟಬಾರದು. ಬೆರಳುಗಳ ಬುಡದಿಂದ ಶುರುಮಾಡಿ ಮೇಲಕ್ಕೆ ಬರಬೇಕು. ಮೇಲಿಂದ ಕೆಳಕ್ಕೆ ಸುತ್ತಿದರೆ ಬಾವನ್ನೆಲ್ಲ ಪಾದಕ್ಕೆ ಒತ್ತಿ ತುಂಬಿದಂತಾಗುತ್ತದೆ. ಎರಡು ಸುತ್ತು ಪಾದಕ್ಕೆ, ಆಮೇಲೆ ಪಾದದ ಮೇಲಿಂದ ಗಿಣ್ಣಿನ ಹಿಂದಕ್ಕೆ ಹೋಗಿ ಮತ್ತೆ ಪಾದದಡಿಗೆ ಇಳಿಯುವ ಇಂಗ್ಲಿಷ್ ಎಂಟರ ಆಕಾರ. ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಮುಚ್ಚಬೇಕು. ಹಿಂಬಡ ಬಯಲಾಗಿ ಉಳಿಯಬಾರದು, ಉಳಿದರೆ ಬಾವು ಅಲ್ಲೇ ಗುಡ್ಡೆ ಕಟ್ಟುತ್ತದೆ. ಕಾಲ್ಬೆರಳು ಮಾತ್ರ ಹೊರಗೇ ಇರಬೇಕು. ಒಳಗಿನ ಸುದ್ದಿ ಹೇಳುವುದು ಅವೇ. ಕಟ್ಟಿದ ಅರ್ಧ ಗಂಟೆಗೆ ಬೆರಳು ನೋಡಬೇಕು, ತಣ್ಣಗೋ ನೀಲಿಯೋ ಜುಮ್ಮೋ ಆಗಿದ್ದರೆ ಆಗಲೇ ಬಿಚ್ಚಬೇಕು. ಮಲಗುವಾಗ ಬಿಚ್ಚಿ ಕಾಲನ್ನು ದಿಂಬಿನ ಮೇಲಿಟ್ಟರೆ ಸಾಕು, ರಾತ್ರಿ ಪಟ್ಟಿಯ ಹಂಗಿಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ದುಡಿಯುವವರಿಗೆ ಇನ್ನೊಂದು ಎಚ್ಚರ ಬೇಕು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ನಾವು ಹೆಮ್ಮೆಪಡುತ್ತೇವೆ. ಆದರೂ ಅದರ ದೂಳು ಪಟ್ಟಿಯ ನೇಯ್ಗೆಯೊಳಗೆ ಇಳಿದು ಬೆವರಿನ ಜೊತೆ ಸೇರಿದರೆ ಚರ್ಮ ಉರಿಯದೆ ಇರುವುದಿಲ್ಲ. ಆ ಉರಿಯಲ್ಲಿ ಒಳಗಿನ ನೋವಿನ ಸೂಚನೆ ಅಡಗಿಹೋಗಬಹುದು. ಅಂಥ ಪಟ್ಟಿಯನ್ನು ದಿನಾ ಒಗೆದು ಬದಲಿಸಬೇಕು.

ಕಟ್ಟುವ ಮೊದಲು ಇದು ಉಳುಕೋ ಮುರಿತವೋ ಎಂದು ಕೇಳಿಕೊಳ್ಳಬೇಕಲ್ಲ. ಅದಕ್ಕೆ ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ರೂಪಿಸಿದ ಸರಳ ಕಟ್ಟಳೆ ಇದೆ. ಪೆಟ್ಟು ಬಿದ್ದ ಕೂಡಲೇ ಮತ್ತು ಈಗ, ಎರಡೂ ಸಲ, ಕುಂಟುತ್ತಲಾದರೂ 4 ಹೆಜ್ಜೆ ಇಡಲು ಆಗದಿದ್ದರೆ, ಅಥವಾ ಗಿಣ್ಣಿನೆಲುಬಿನ ಹಿಂದಂಚನ್ನು, ತುದಿಯನ್ನು ಒತ್ತಿದಾಗ ಎಲುಬಿನ ಮೇಲೇ ನೋವಿದ್ದರೆ, ಅಥವಾ ಪಾದದ ಹೊರಮಗ್ಗುಲಿನ ನಡುಗಂಟಲ್ಲಿ ಇಲ್ಲವೇ ಒಳಮಗ್ಗುಲಿನ ಕಮಾನಿನ ಮೇಲೆ ಒತ್ತಿದರೆ ನೋವಿದ್ದರೆ ಎಕ್ಸ್-ರೇ ಬೇಕು. ಇವು ಯಾವುದೂ ಇಲ್ಲದಿದ್ದರೆ ಮುರಿದಿರುವ ಸಂಭವ ಬಹಳ ಕಡಿಮೆ. ಈ ಪರೀಕ್ಷೆಗೆ ಯಂತ್ರ ಬೇಡ, ಹೆಬ್ಬೆರಳು ಸಾಕು. ಇನ್ನು ನೀವು ನಂಬಿದ ಕ್ರೇಪ್ ಪಟ್ಟಿ ನಿಜಕ್ಕೂ ಎಷ್ಟು ಬಲ ಕೊಡುತ್ತದೆ? ಬ್ರಿಟನ್ನಿನಲ್ಲಿ ತೀವ್ರವಾಗಿ ಉಳುಕಿದ 584 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲ 2009ರಲ್ಲಿ ಪ್ರಕಟವಾಯಿತು. ಹಿಗ್ಗುವ ಕೊಳವೆಪಟ್ಟಿ ಹಾಕಿದವರಿಗಿಂತ 10 ದಿನ ಮೊಣಕಾಲ ಕೆಳಗಿನ ಪ್ಲಾಸ್ಟರ್ ಹಾಕಿಸಿಕೊಂಡವರು 3 ತಿಂಗಳ ಹೊತ್ತಿಗೆ ಹೆಚ್ಚು ಚೇತರಿಸಿದ್ದರು. 9 ತಿಂಗಳ ಹೊತ್ತಿಗೆ ಎಲ್ಲರೂ ಸಮ. ಅಂದರೆ ಜೋರು ಉಳುಕಿಗೆ ಹಿಗ್ಗುವ ಪಟ್ಟಿಯೊಂದೇ ಸಾಲದು, ಹಾಗೆಂದು ತಿಂಗಳುಗಟ್ಟಲೆ ಕಟ್ಟಿಡುವುದರಿಂದಲೂ ಲಾಭವಿಲ್ಲ. ನಿಮ್ಮ ಬಿಗಿಯ ಪಕ್ಷಕ್ಕೂ ಇದರಲ್ಲಿ ಒಂದು ಪಾಲು ಸಲ್ಲುತ್ತದೆ, ಒಪ್ಪುತ್ತೇನೆ. ಅಲುಗದಂತೆ ಹಿಡಿಯುವುದಕ್ಕೆ ಬೆಲೆಯಿದೆ. ಅದನ್ನು ದಬ್ಬೆಯ ಗಡಸುತನದಿಂದ ಪಡೆಯಿರಿ, ಅರಿವೆಯ ಬಿಗಿತದಿಂದ ಬೇಡ.

— ಇದೆಲ್ಲಾ ಕುಂತು ಉಣ್ಣೋರ ಮಾತಾತು, ತಮ್ಮಾ. ಹಮಾಲರು ನಡ ಕಟ್ಟಿಕೊಂಡು ಚೀಲ ಎತ್ತತಾರ. ಮೆಣಸಿನಕಾಯಿ ತೊಟ್ಟು ಬಿಡಸೋ ಹೆಣಮಕ್ಕಳು ಮುಂಗೈಗೆ ಪಟ್ಟಿ ಸುತ್ತಿಕೊಂಡು ಮುಂಜಾನಿಂದ ಸಂಜಿತನಕ ಕುಂದರತಾರ. ದುಡಿಲಿಲ್ಲಂದ್ರ ಪಗಾರಿಲ್ಲ. ಪಟ್ಟಿ ಅವರನ್ನ ಕೆಲಸಕ್ಕ ನಿಂದರಸತೈತಿ. ಅದನ್ನೂ ಬಿಚ್ಚು ಅಂತೀಯೇನು?

— ಇದಕ್ಕೆ ಸುಲಭದ ಉತ್ತರ ನನ್ನಲ್ಲಿಲ್ಲ. ಕೂಲಿ ಬಿಟ್ಟು ಮಲಗು ಎಂದು ಹೇಳುವ ಹಕ್ಕು ನನಗಿಲ್ಲ. ಆದರೆ ಪಟ್ಟಿ ಅವರನ್ನು ನಿಜಕ್ಕೂ ಕಾಯುತ್ತದೆಯೇ ಎಂದು ಕೇಳಬಹುದು. ಭಾರ ಎತ್ತುವವರ ನಡಪಟ್ಟಿಯ ಬಗ್ಗೆ ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ 1994ರಲ್ಲಿ ಇದ್ದ ಸಾಕ್ಷ್ಯವನ್ನೆಲ್ಲ ಜಾಲಾಡಿ ನೋಡಿತು. ಪೆಟ್ಟಾಗದ ಬೆನ್ನಿಗೆ ನಡಪಟ್ಟಿ ರಕ್ಷಣೆ ಕೊಡುತ್ತದೆಂದು ನಂಬಲು ಆಧಾರವಿಲ್ಲ, ಶಿಫಾರಸು ಮಾಡಲಾಗದು ಎಂದಿತು. ನಡ ಕಟ್ಟಿದ ಧೈರ್ಯಕ್ಕೆ ಇನ್ನೊಂದು ಚೀಲ ಹೆಚ್ಚು ಎತ್ತಿಬಿಡುವ ಅಪಾಯವೂ ಇದೆ. ಚೀಲದ ತೂಕ ಇಳಿಸಿದರೆ ಬೆನ್ನು ಉಳಿಯುತ್ತದೆ, ಅದು ಹಮಾಲನ ಕೈಯಲ್ಲಿಲ್ಲ, ಅಡತಿ ಅಂಗಡಿಯ ಕೈಯಲ್ಲಿದೆ. ಪಟ್ಟಿ ಮಾರುಕಟ್ಟೆಯ ಹೊಣೆಯನ್ನು ಮೆಲ್ಲಗೆ ಕೂಲಿಕಾರನ ನಡಕ್ಕೆ ಸುತ್ತಿಬಿಡುತ್ತದೆ ಎಂಬುದು ನನ್ನ ಆಕ್ಷೇಪ. ತೊಟ್ಟು ಬಿಡಿಸುವ ಹೆಣ್ಣುಮಕ್ಕಳದು ಬೇರೆ ತರಹ. ಒಂದೇ ಚಲನೆ ಸಾವಿರ ಸಲ ಆಗಿ ಮಣಿಕಟ್ಟಿನ ನರ ಒತ್ತಿಕೊಂಡರೆ ಬೆರಳು ರಾತ್ರಿ ಜುಮ್ಮೆನ್ನುತ್ತವೆ. ಅದಕ್ಕೆ ಹಗಲು ಬಿಗಿ ಪಟ್ಟಿ ಸುತ್ತಿ ಕೆಲಸ ಮಾಡಿದರೆ ಒತ್ತಡಕ್ಕೆ ಒತ್ತಡ ಸೇರಿತು. ಅವರಿಗೆ ಬೇಕಾದದ್ದು ರಾತ್ರಿ ಮಣಿಕಟ್ಟನ್ನು ನೇರವಾಗಿ ಇಡುವ ಸಡಿಲ ದಬ್ಬೆ. ನಾವು ಕಟ್ಟುವ ಹೊತ್ತೇ ತಲೆಕೆಳಗು! ಕಾಲು ಉಳುಕಿದವರಿಗಾದರೆ ಮೊದಲ ಕೆಲವು ದಿನ ಆಸರೆ, ಆಮೇಲೆ ಒಂಟಿಗಾಲಲ್ಲಿ ನಿಲ್ಲುವ, ತುದಿಗಾಲಲ್ಲಿ ಏರಿಳಿಯುವ ಅಭ್ಯಾಸ. ಮತ್ತೆ ಮತ್ತೆ ಉಳುಕದಂತೆ ತಡೆಯುವುದು ಆ ಅಭ್ಯಾಸವೇ. ಹಿಂದೆ ಉಳುಕಿದವರು ಆಟಕ್ಕಿಳಿಯುವಾಗ ಬ್ರೇಸ್ ಹಾಕಿದರೆ ಉಪಯೋಗವಿದೆ, ಅದನ್ನು ನಾನು ತೆಗೆದುಹಾಕುವುದಿಲ್ಲ.

— ಹಾವು ಕಡದಾಗರ ಬಿಗೀಬೇಕಲ್ಲ? ಹೊಲದಾಗ ಕಡೀತಂದ್ರ ಮೊದ್ಲು ಮ್ಯಾಲೆ ಹಗ್ಗ ಬಿಗಿ ಅಂತಾರ.

— ಅಲ್ಲಂತೂ ಬೇಡವೇ ಬೇಡ. ಕೊಳಕುಮಂಡಲದ ವಿಷ ಕಡಿದ ಜಾಗದ ಮಾಂಸವನ್ನೇ ತಿನ್ನುತ್ತದೆ. ಹಗ್ಗ ಬಿಗಿದರೆ ವಿಷವೂ ಅಲ್ಲೇ, ರಕ್ತವೂ ಇಲ್ಲ, ಕಾಲು ಕಳೆದುಕೊಳ್ಳುವ ದಾರಿ ಅದು. ಕಾಲನ್ನು ಅಲುಗದಂತೆ ದಬ್ಬೆಗೆ ಮೆದುವಾಗಿ ಕಟ್ಟಿ, ನಡೆಸದೆ ಎತ್ತಿಕೊಂಡು ಆಸ್ಪತ್ರೆಗೆ ಒಯ್ಯಬೇಕು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದದ್ದೆಂದು ಘೋಷಿಸಿದೆ. ಹೋರಿ ತುಳಿದು ಪಕ್ಕೆಲುಬು ನೊಂದವನ ಎದೆಗೆ ಧೋತರ ಬಿಗಿಯುವುದೂ ಹೀಗೆಯೇ ಕೆಟ್ಟದ್ದು. ಉಸಿರು ಪೂರ್ತಿ ಎಳೆಯಲಾಗದೆ ಕಫ ಕಟ್ಟಿ ನ್ಯುಮೋನಿಯಾಕ್ಕೆ ದಾರಿ, ಅದಕ್ಕೇ ಪಕ್ಕೆಗೆ ಪಟ್ಟಿ ಸುತ್ತುವುದನ್ನು ವೈದ್ಯರು ಬಿಟ್ಟು ಎಷ್ಟೋ ಕಾಲವಾಯಿತು. ನೀವು ಹೇಳುವ ಬಿಗಿಗೆ ಒಂದು ಜಾಗವಿದೆ: ಕೊಂಬು ತಿವಿದು ರಕ್ತ ಚಿಮ್ಮುವಾಗ. ಶುಚಿಯಾದ ಅರಿವೆಯ ಮಡಿಕೆಯಿಟ್ಟು ಅಂಗೈಯಿಂದ ಅದುಮಿ ಹಿಡಿದು, ಹಿಡಿದ ಒತ್ತು ಬಿಡದಂತೆ ಮೇಲೆ ಪಟ್ಟಿ ಬಿಗಿಯಿರಿ. 108ಕ್ಕೆ ಇನ್ನೊಬ್ಬರು ಫೋನ್ ಮಾಡಲಿ.

— ಎಲ್ಲಾ ಖರೆ. ಆದರ ಅಖಾಡದಾಗ ಸಾವಿರ ಮಂದಿ ಕೂಗ್ಯಾಡೋವಾಗ ಈ ಪುರಾಣ ಕೇಳೋರು ಯಾರು? ಕಾಲು ಉಳಕಿದ ಪೈಲ್ವಾನ ಪಟ್ಟಿ ಸುತ್ತಿಕೊಂಡು ಮತ್ತ ಕಣಕ್ಕಿಳಿತಾನ. ಹಿಡದು ಕುಂದ್ರಸೋರು ಯಾರು?

— ಅದನ್ನು ಯೋಚಿಸಿದವರೇ ಇಲ್ಲ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಮೇ 18ರಂದು ಜಲ್ಲಿಕಟ್ಟು, ಕಂಬಳಗಳನ್ನು ಎತ್ತಿಹಿಡಿದಾಗಿನಿಂದ ಇಂಥ ಆಟಗಳ ಮಾತೆಲ್ಲ ಪ್ರಾಣಿಯ ಸುರಕ್ಷತೆಯ ಸುತ್ತ ನಡೆದಿದೆ. ಅದು ಬೇಕಾದದ್ದೇ. ಹಿಡಿಯುವ ಹುಡುಗನ ಮಾತು ಮಾತ್ರ ಸಾವಾದ ಮರುದಿನ ಬರುತ್ತದೆ, ವಾರದೊಳಗೆ ಮರೆಯಾಗುತ್ತದೆ. ಕಮಿಟಿಯವರು ಹೋರಿಗೆ ಬಲೂನು, ಝೂಲಾ, ಬಹುಮಾನದ ಬೈಕಿಗೆ ದುಡ್ಡು ಕೂಡಿಸುತ್ತಾರಲ್ಲ, ಅದರ ಬದಿಯಲ್ಲಿ ಒಂದು ಟೇಬಲ್ ಇಡಲಿ. ನಾಲ್ಕು ಕ್ರೇಪ್ ಸುರುಳಿ, ಹತ್ತಿ, ಒಂದು ಒಳ್ಳೆ ಕತ್ತರಿ, ದಬ್ಬೆಗೆ ರಟ್ಟಿನ ಪಟ್ಟಿ, ಕಟ್ಟಿದ ಸಮಯ ಬರೆಯಲು ಒಂದು ಪೆನ್ನು. ಸಮಯವನ್ನು ಪಟ್ಟಿಯ ಮೇಲೇ ಬರೆಯಬೇಕು. ಮನೆಯವರು, ಆಸ್ಪತ್ರೆಯವರು ಗಂಟೆ ಎಣಿಸಲು ಅದೇ ಆಧಾರ. ಪೈಲ್ವಾನ ಮತ್ತೆ ಇಳಿಯುತ್ತಾನೆ ಎನ್ನುತ್ತೀರಿ. ಇಳಿಯುತ್ತಾನೆ, ಯಾಕೆಂದರೆ ನಾವು ಅವನಿಗೆ ಓಡಲು ಬರುವ ಹಾಗೆ ಕಟ್ಟುತ್ತೇವೆ. ಬಿಗಿದ ಪಟ್ಟಿ ನೋವನ್ನು ಅರ್ಧ ಗಂಟೆ ಮರೆಸುತ್ತದೆ, ಅಷ್ಟರಲ್ಲಿ ಓಟಕ್ಕೆ ಪಟ್ಟಿಯೇ ಸಡಿಲಾಗುತ್ತದೆ, ಅವನ ಧೈರ್ಯ ಮಾತ್ರ ಹಾಗೇ ಇರುತ್ತದೆ. ಮೊಣಕಾಲ ಕೆಳಗಿನಿಂದ ಪಾದದಡಿಯವರೆಗೆ ರಟ್ಟಿನ ದಬ್ಬೆಯನ್ನು ಮಡಚಿ ಇಟ್ಟು, ಮೇಲೆ ಪಟ್ಟಿಯನ್ನು ಹದವಾಗಿ ಸುತ್ತಿಬಿಡಿ. ಬಿಗಿ ಇರುವುದಿಲ್ಲ, ರಕ್ತ ಆಡುತ್ತದೆ, ಬೆರಳು ಕಾಣುತ್ತವೆ. ಆ ಕಾಲು ಚಪ್ಪಲಿಯೊಳಗೂ ಹಿಡಿಯುವುದಿಲ್ಲ, ಇನ್ನು ಹೋರಿಯ ಹಿಂದೆ ಎಲ್ಲಿ ಓಡಿಯಾನು? ಹಿಡಿದು ಕೂರಿಸಲು ಯಾರೂ ಬೇಡ. ನಿಮ್ಮ ವಲ್ಲಿಯೂ ಉಳಿಯಿತು. ಕೈಗೆ ಪೆಟ್ಟಾದ ಇನ್ನೊಬ್ಬ ಬರುತ್ತಾನೆ, ಅದನ್ನು ಮೂಲೆಯಾಗಿ ಮಡಚಿ ಅವನ ಕೊರಳಿಗೆ ಜೋಳಿಗೆ ಮಾಡಿ ಕಟ್ಟಿ.

— ಬಿಗಿ ಕಟ್ಟಬಾರದು ಅಷ್ಟ.

— ಜೋಳಿಗೆಯ ಗಂಟನ್ನು ಎಷ್ಟಾದರೂ ಬಿಗಿಯಿರಿ ಕಾಕಾ, ಅದಕ್ಕೆ ಅಡ್ಡಿಯಿಲ್ಲ.